ಉಲ್ಟಾ ದೊಕಿಯಾ ಮತ್ತು ಇಗರ್ಜಿಯ ಅಂಗಾಲು

ನಮ್ಮ ಪೆತ್ರಿಶೋರಾದಲ್ಲಿ ಸತ್ತವರ ಹೆಸರು ಓದುವಾಗ ಪಾದ್ರಿಗಳು ಅಡ್ಡಹೆಸರನ್ನು ಬಿಡುವಂತಿಲ್ಲ. ಊರಿನ ಅರ್ಧಕ್ಕರ್ಧ ಜನ ಬೊರ್ಕಾ ಮನೆತನದವರು. ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಗಾವ್ರಿಲಾನಿಗೋ ಒಬ್ಬ ತೊವಾದೆರನಿಗೋ ತಗಲುತ್ತದೆ. ಆದ್ದರಿಂದ ಈಸ್ಟರ್‌ಗೆ ಮುಂಚಿನ ಉಪವಾಸದ ಶನಿವಾರಗಳಂದು, ಮೇಣದ ಬತ್ತಿಗಳ ಹೊಗೆಯ ನಡುವೆ, ‘ಕುಂಟ ತೊವಾದೆರ್’, ‘ಜೇನುಗೂಡಿನ ಮರಿಯಾ’, ‘ಎರಡು ಸಲ ಮುಳುಗಿದ ಪಾತ್ರು’ ಎಂದು ಹೆಸರುಗಳು ಗಂಭೀರವಾಗಿಯೇ ಓದಲ್ಪಡುತ್ತವೆ. ಯಾರೂ ನಗುವುದಿಲ್ಲ. ದೇವರಿಗೆ ಗೊಂದಲವಾಗಬಾರದೆಂಬ ಕಾಳಜಿ ನಮ್ಮ ಹಿರಿಯರದು.

ಆ ಓದಿನಲ್ಲಿ ‘ಉಲ್ಟಾ ಗಾವ್ರಿಲಾ’ ಎಂಬ ಹೆಸರು ಬಂದಾಗಲೆಲ್ಲ ದೊಕಿಯತ್ತೆ ಬಗ್ಗಿ ತನ್ನ ಚಪ್ಪಲಿಯ ಚರ್ಮದ ದಾರವನ್ನು ಬಿಗಿದುಕೊಳ್ಳುತ್ತಿದ್ದಳು. ನನಗೆ ಬುದ್ಧಿ ತಿಳಿದಂದಿನಿಂದ ಅದನ್ನು ನೋಡಿದ್ದೇನೆ. ದಾರ ಸಡಿಲವಾಗಿರುತ್ತಿರಲಿಲ್ಲ. ಹೆಸರು ದಾಟಿ ಹೋಗುವವರೆಗೆ ಅವಳ ಮುಖ ನೆಲದ ಕಡೆಗಿರುತ್ತಿತ್ತು, ಅಷ್ಟೆ.

ಅವಳು ಊರಿಗೆಲ್ಲ ಅತ್ತೆ. ಎಪ್ಪತ್ತು ದಾಟಿದ ವಿಧವೆ. ಎರಡು ಹಸು, ಒಂದು ಮಗ್ಗ, ಗುಡ್ಡದ ಮೇಲಿನ ಹುಲ್ಲುಗಾವಲು ಮತ್ತು ಹರಿತವಾದ ನಾಲಗೆ, ಇವು ಅವಳ ಆಸ್ತಿ. ಬಲಿಪೂಜೆಯ ರೊಟ್ಟಿಯನ್ನು ವಿಧವೆಯರೇ ಸುಡಬೇಕೆಂಬುದು ನಮ್ಮಲ್ಲಿನ ರೂಢಿ. ಅದು ಅವಳ ಪಾಲಿನ ಕೆಲಸವಾಗಿತ್ತು. ಇಗರ್ಜಿಯ ಕೀಲಿಯೂ ಅವಳ ಸೊಂಟದಲ್ಲೇ ಇರುತ್ತಿತ್ತು. ಪೂಜೆಯಲ್ಲಿ ಹಾಡು ಹೇಳುವ ಇರಿಮಿಯಾ ಒಮ್ಮೆ, “ಏ ಉಲ್ಟಾ, ಸ್ವರ್ಗದ ಬಾಗಿಲಿಗೂ ನೀನೇ ಬೀಗ ಹಾಕ್ಕೊಂಡು ಬಂದ್ಬಿಡ್ತೀಯ ಅಂತ ಭಯ ನಂಗೆ” ಎಂದಿದ್ದ. ಇವಳು ತಿರುಗಿಯೂ ನೋಡದೆ, “ನೀನು ಹಾಡ್ತಾ ಬರ್ತಿದ್ರೆ ಒಳಗಿರೋರೇ ಹಾಕ್ಕೋತಾರೆ ಬಿಡು, ಕೊಕ್ಕರೆ” ಎಂದಳು. ಇರಿಮಿಯಾನ ಕತ್ತು ಉದ್ದ. ಅವನ ಅಡ್ಡಹೆಸರು ಕೊಕ್ಕರೆ. ಇಬ್ಬರೂ ಅಕ್ಕಪಕ್ಕದ ಮನೆಯವರು, ಒಂದೇ ವರ್ಷ ಹುಟ್ಟಿದವರು.

ಇಗರ್ಜಿಯ ಬಗ್ಗೆ ಬರೆಯುವುದು ನನಗೆ ಕಷ್ಟ. ಅದರ ನೆರಳಿನಲ್ಲಿ ಬೆಳೆದವರಿಗೆ ಅದು ಕಣ್ಣಿಗೆ ಬೀಳುವುದೇ ಅಪರೂಪ. ಆದರೂ ಕೆಲವು ಬೆಳಗ್ಗೆ ಈಝಾ ನದಿಯ ಮಂಜು ಕಣಿವೆಯನ್ನು ತುಂಬಿ, ಮನೆಗಳೆಲ್ಲ ಮುಳುಗಿ, ಅದರ ಗೋಪುರದ ಮೊನೆಯೊಂದೇ ಮೇಲೆ ನಿಂತಿರುವಾಗ, ನಡೆಯುತ್ತಿದ್ದವನ ಕಾಲು ತಾನಾಗಿ ನಿಲ್ಲುತ್ತದೆ. ಕಾಡೊಂದು ಎದ್ದು ನಡೆದು ಬಂದು, ಇಲ್ಲಿ ಮಲಗಿ, ತನ್ನ ಮೇಲೆ ತಾನೇ ಪೇರಿಕೊಂಡಂತೆ ಅದರ ಗೋಡೆಗಳಿವೆ. ಕೊಡಲಿಯಿಂದಲೇ ಚೌಕವಾಗಿ ಕೆತ್ತಿದ ಫರ್ ಮರದ ದಿಮ್ಮಿಗಳು ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಒಂದನ್ನೊಂದು ಹಿಡಿದು ನಿಂತಿವೆ. ಮುನ್ನೂರು ವರ್ಷಗಳ ಹಿಮ ಆ ಹಿಡಿತವನ್ನು ಬಿಡಿಸಿಲ್ಲ. ಈ ಎಲ್ಲ ಭಾರವನ್ನು ಹೊತ್ತು ನೆಲಕ್ಕೆ ಒತ್ತಿಕೊಂಡಿರುವ ಓಕ್ ದಿಮ್ಮಿಗಳಿಗೆ ನಮ್ಮ ಬಡಗಿಗಳು ‘ಅಂಗಾಲು’ ಎನ್ನುತ್ತಾರೆ. ಬಾಗಿಲಿನಿಂದ ಬಲಿಪೀಠದವರೆಗೆ ಉದ್ದಕ್ಕೆ ಮಲಗಿರುವವು ಎರಡು: ಬಡಗಣ ಅಂಗಾಲು, ತೆಂಕಣ ಅಂಗಾಲು.

ದೊಕಿಯತ್ತೆಯ ಅಡ್ಡಹೆಸರು ಹುಟ್ಟಿದ್ದು ಬಡಗಣ ಅಂಗಾಲಿನಿಂದ. ಮೊದಲ ಮಹಾಯುದ್ಧ ಮುಗಿಸಿ ಬಂದ ಅವಳ ಅಜ್ಜ ಗಾವ್ರಿಲಾ ಬಡಗಿಯಾಗಿದ್ದ. ನೆರಳಿನ ಕಡೆಯ ಆ ದಿಮ್ಮಿ ಕೊಳೆತಾಗ ಹೊಸದನ್ನು ಕೂರಿಸಿದವನು ಅವನೇ. ಕೂರಿಸಿದ ವಾರಕ್ಕೇ ಊರು ತಪ್ಪು ಕಂಡುಹಿಡಿಯಿತು. ನಮ್ಮಲ್ಲಿ ಒಂದು ನಿಯಮವುಂಟು: ಮರ ಇಗರ್ಜಿಗೆ ಬರುವುದು ಸತ್ತ ಮನುಷ್ಯ ಬರುವ ಹಾಗೆ. ಹೆಣವನ್ನು ಕಾಲು ಮುಂದಾಗಿ ಒಳಗೆ ತಂದು, ಅದು ಬಲಿಪೀಠವನ್ನು ನೋಡುತ್ತಿರುವಂತೆ, ಕಾಲು ಆ ಕಡೆ, ತಲೆ ಬಾಗಿಲ ಕಡೆ ಇರಿಸುತ್ತೇವೆ. ಮರಕ್ಕೆ ಕಾಲೆಂದರೆ ಬುಡ, ತಲೆಯೆಂದರೆ ತುದಿ. ಹಾಗಾದರೆ ದಿಮ್ಮಿಯ ಬುಡ ಬಲಿಪೀಠದ ಕಡೆಗಿರಬೇಕು. ಗಾವ್ರಿಲಾ ಇಟ್ಟ ಬೆಳ್ಳನೆಯ ಹೊಸ ದಿಮ್ಮಿಯಲ್ಲಿ ಬುಡ ಬಾಗಿಲ ಕಡೆಗಿತ್ತು. ಕೊಂಬೆ ಮೂಡಿದ ಗಂಟುಗಳು ಯಾವಾಗಲೂ ತುದಿಯ ಕಡೆಗೆ ವಾಲಿರುತ್ತವೆ. ಮರದ ನಡುವೆಯೇ ಬದುಕುವ ನಮ್ಮವರಿಗೆ ಅದನ್ನು ಓದಲು ಬಡಗಿಯಾಗಿರಬೇಕೆಂದಿಲ್ಲ.

ಅವನು ಕೊಟ್ಟ ಉತ್ತರ ಒಂದೇ: “ಮೊದಲು ಹೇಗಿತ್ತೋ ಹಾಗೇ ಇಟ್ಟೆ.” ಆದರೆ ಮೊದಲಿದ್ದ ದಿಮ್ಮಿ ಹೊರತೆಗೆಯುವಾಗಲೇ ಪುಡಿಯಾಗಿ ಮಣ್ಣಿಗೆ ಸೇರಿತ್ತು. ಸಾಕ್ಷಿ ಇರಲಿಲ್ಲ. ತೆಂಕಣ ಅಂಗಾಲನ್ನು ನೋಡಬಹುದಿತ್ತು. ಆದರೆ ಅದು ಕಪ್ಪಾಗಿ, ಪಾಚಿ ಹಿಡಿದು, ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿ ಹೂತಿತ್ತು. ಅಗೆದರೆ ಇಗರ್ಜಿ ಕುಸಿದೀತೆಂದು ಯಾರೂ ಮುಟ್ಟಲಿಲ್ಲ. ಅಂದಿನಿಂದ ಆ ಮನೆ ಉಲ್ಟಾ ಮನೆ. ಗಾವ್ರಿಲಾನಿಗೆ ಮತ್ತೆ ಯಾರೂ ಮನೆ ಕಟ್ಟುವ ಕೆಲಸ ಕೊಡಲಿಲ್ಲ. ಅವನು ಗಾಡಿ ಚಕ್ರ ಮಾಡಿಕೊಂಡು ಬದುಕಿದ. ದೊಕಿಯತ್ತೆಯ ತಂದೆ ಮಗಳಿಗೆ ಹೇಳುತ್ತಿದ್ದನಂತೆ: “ಆ ತೆಂಕಣದ್ದು ಮಣ್ಣಲ್ಲೇ ಇರ್ಲಿ ಮಗಾ. ಅದು ಕಾಣೋವರೆಗೂ ನಮ್ಮ ಮಾತಿಗೆ ಅರ್ಧ ಜೀವ ಇದೆ. ಕಂಡ ಮೇಲೆ ಏನು ಗತಿಯೋ.”

ಊರಿನ ಹಿರಿಯ ಪಾದ್ರಿ ಫಾದರ್ ಒನುಫ್ರಿಯೆ ತೀರಿಕೊಂಡ ಚಳಿಗಾಲದಲ್ಲಿ ನಡೆದ ಒಂದು ಸಣ್ಣ ಮಾತನ್ನು ಇಲ್ಲಿ ಹೇಳಬೇಕು. ಪಾದ್ರಿಯ ಶವವನ್ನು ಬೇರೆಯವರಂತೆ ಇರಿಸುವುದಿಲ್ಲ. ಬದುಕಿದ್ದಾಗ ಬಲಿಪೀಠದ ಬಳಿಯಿಂದ ಜನರತ್ತ ತಿರುಗಿ ಹರಸುತ್ತಿದ್ದವನು ಸತ್ತ ಮೇಲೂ ಜನರತ್ತಲೇ ಮುಖ ಮಾಡಿರಬೇಕು. ಅವನ ತಲೆ ಬಲಿಪೀಠದ ಕಡೆಗೆ. ಶವಪೆಟ್ಟಿಗೆಯನ್ನು ಇಗರ್ಜಿಯ ನಡುವೆ ಹಾಗೆ ತಿರುಗಿಸುತ್ತಿರುವಾಗ ಇರಿಮಿಯಾ ದೊಕಿಯತ್ತೆಯ ಕಿವಿಯ ಬಳಿ ಬಗ್ಗಿ, “ನೋಡು, ನಿಮ್ಮ ಮನೆತನದೋರು ಒಬ್ರು ಸಿಕ್ರು” ಎಂದ. ಅವಳು ಮೊಣಕೈಯಿಂದ ತಿವಿದಳು. ಆ ದುಃಖದ ನಡುವೆಯೂ ಹತ್ತಿರ ನಿಂತ ನಾವು ಕೆಲವರು ತುಟಿ ಕಚ್ಚಿಕೊಂಡೆವು.

ಆ ಮಾತು ಅವಳಿಗೆ ಒಳಗೆ ನಾಟಿತ್ತೆಂದು ಆಮೇಲೆ ತಿಳಿಯಿತು. ಹೊಸದಾಗಿ ಬಂದ ಫಾದರ್ ಸಿಮಿಯೋನ್ ಮೂವತ್ತರ ಆಸುಪಾಸಿನವರು. ಅವರಲ್ಲಿಗೆ ಹೋಗಿ, “ಫಾದರ್, ನಮ್ಮಜ್ಜನ ಹೆಸರು ಓದೋವಾಗ ಬರೀ ಗಾವ್ರಿಲಾ ಅಂತ ಓದಿ. ನಾನೂ ಇನ್ನು ಎಷ್ಟು ದಿನ? ನನ್ನನ್ನೂ ಬರೀ ದೊಕಿಯಾ ಅನ್ನಿ. ದೇವರ ಮುಂದೆ ಆ ಹೆಸರು ಹೊತ್ಕೊಂಡು ನಿಲ್ಲೋಕೆ ಆಗಲ್ಲ ನಂಗೆ” ಎಂದಳು. ಅವರು ಒಪ್ಪುವವರೇ ಇದ್ದರು. ಪಕ್ಕದಲ್ಲಿದ್ದ ಇರಿಮಿಯಾ ಸುಮ್ಮನಿರಲಿಲ್ಲ.

“ಬರೀ ಗಾವ್ರಿಲಾ ಅಂದ್ರೆ ಮೇಲೆ ಒಂದು ಡಜನ್ ಗಾವ್ರಿಲಾಗಳು ಎದ್ದು ನಿಲ್ತಾರೆ ಫಾದರ್. ಪ್ರಾರ್ಥನೆ ಯಾರ ಪಾಲಿಗೆ ಹೋಗ್ಬೇಕು? ಹೆಸರು ಸುಳ್ಳು ಅಂತ ತೋರಿಸ್ಲಿ, ತೆಗೆಯೋಣ. ನಿಜ ಇರೋದನ್ನ ತೆಗೆಯೋಕೆ ನಾವ್ಯಾರು?”

ಪಾದ್ರಿಗಳು ಅಡ್ಡಹೆಸರನ್ನು ಹಾಗೇ ಉಳಿಸಿದರು. ದೊಕಿಯತ್ತೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮುಂದಿನ ಬೇಸಿಗೆಯಲ್ಲಿ ಬಡಗಣ ಗೋಡೆ ತಗ್ಗಿತು. ಒಳಗಿನ ದೀಪಗಳು ಒಂದೇ ಕಡೆಗೆ ವಾಲಿ ತೂಗಿದಾಗ ಮೊದಲು ಗಮನಿಸಿದವಳು ಅವಳೇ. ಊರಿನ ದೊಡ್ಡ ಬಡಗಿ, ಇನ್ನೊಬ್ಬ ತೊವಾದೆರ್, ಬಂದು ಹಾರೆಯಿಂದ ಚುಚ್ಚಿ ನೋಡಿದ. ಗಾವ್ರಿಲಾ ಇಟ್ಟ ಅಂಗಾಲು ನಡುವಿನಲ್ಲಿ ಬೆಣ್ಣೆಯಂತಾಗಿತ್ತು. ಇಡೀ ಇಗರ್ಜಿಯನ್ನು ಎತ್ತಿ ಅದನ್ನು ಬದಲಿಸದೆ ವಿಧಿಯಿಲ್ಲ. ಆದರೆ ಅಷ್ಟುದ್ದದ, ಡೊಂಕಿಲ್ಲದ ಓಕ್ ಮರ ಈಗ ಯಾರಲ್ಲಿದೆ? ಎಲ್ಲರ ಕಣ್ಣೂ ದೊಕಿಯತ್ತೆಯ ಹುಲ್ಲುಗಾವಲಿನ ಅಂಚಿಗೆ ಹೋಯಿತು. ಅಲ್ಲಿದ್ದದ್ದು ಅವಳ ಅಜ್ಜ ಯಾರಿಗೂ ಕಡಿಯಲು ಬಿಡದೆ ಉಳಿಸಿದ್ದ ಮರ.

ಊರ ಸಭೆ ಇಗರ್ಜಿಯ ಅಂಗಳದಲ್ಲೇ ಸೇರಿತು. ಅವಳು ಎದ್ದು ನಿಂತು, “ಮರ ಕೊಡ್ತೀನಿ. ಅದಕ್ಕೆ ನಂಗೇನೂ ಬೇಡ” ಎಂದಳು. ಕೂರುವ ಮುಂಚೆ, “ಆದ್ರೆ ಇಗರ್ಜಿ ಎತ್ತೋ ದಿನ ತೆಂಕಣ ಅಂಗಾಲನ್ನೂ ಬಿಡಿಸಿ ತೋರಿಸ್ಬೇಕು. ಎಲ್ಲರ ಎದುರಿಗೆ” ಎಂದಳು.

“ಅದು ಸರಿಯಾಗೇ ಇದ್ರೆ?” ಇರಿಮಿಯಾ ಕೇಳಿದ.

“ಸರಿಯಾಗಿದ್ರೆ ನಮ್ಮಜ್ಜ ತಪ್ಪು. ನನ್ನ ಸಮಾಧಿ ಶಿಲುಬೆ ಮೇಲೂ ಉಲ್ಟಾ ಅಂತಲೇ ಕೆತ್ತಿಸು. ಕೂಲಿ ನೀನೇ ಕೊಡು.”

ಜನ ನಕ್ಕರು. ಆದರೆ ಅವಳಪ್ಪ ಜೀವಮಾನವಿಡೀ ಕಾಪಾಡಿದ್ದ ಆ ಅರ್ಧ ಜೀವವನ್ನು ಅವಳು ಪಣಕ್ಕಿಟ್ಟಿದ್ದಳು.

ಆ ಚಳಿಗಾಲದಲ್ಲಿ ಮರ ಕಡಿದರು. ಹಿಮದ ಮೇಲೆ ಎತ್ತುಗಳು ಅದನ್ನು ಇಳಿಸಿಕೊಂಡು ಬಂದವು. ತೊವಾದೆರ್ ಮತ್ತು ಅವನ ಅಣ್ಣತಮ್ಮಂದಿರು ಕೊಡಲಿಯಲ್ಲೇ ಅದನ್ನು ಚೌಕ ಮಾಡಿದರು. ಹಿಮ ಕರಗಿ ನೆಲ ಗಟ್ಟಿಯಾದ ಮೇಲೆ, ಉಪವಾಸದ ದಿನಗಳಲ್ಲೇ, ಗಾಳಿಯಿಲ್ಲದ ಒಂದು ಬೆಳಗ್ಗೆ ಇಗರ್ಜಿ ಎತ್ತಲು ಊರೇ ನೆರೆಯಿತು.

ಎತ್ತುವ ಮೊದಲು ಮರದ ಬೋಗುಣಿಯೊಂದರಲ್ಲಿ ಅಂಚಿನವರೆಗೆ ನೀರು ತುಂಬಿ, ಪಾದ್ರಿಗಳಿಂದ ಹರಸಿಸಿ, ಬಲಿಪೀಠದ ಬಾಗಿಲ ಮುಂದೆ ನೆಲದ ಮೇಲೆ ಇಡುವುದು ನಮ್ಮ ಕಡೆಯ ಬಡಗಿಗಳ ಪದ್ಧತಿ. ಕಟ್ಟಡ ಒಂದು ಕಡೆಗೆ ಹೆಚ್ಚು ಏರಿದರೆ ನೀರು ಮೊದಲೇ ಹೇಳುತ್ತದೆ. ಬೋಗುಣಿ ಕಾಯಲು ದೊಕಿಯತ್ತೆ ಒಳಗೆ ಕುಳಿತಳು. ಹೊರಗೆ ಜಾಕಿಗಳು, ಸನ್ನೆಗೋಲುಗಳು, ಪ್ರತಿಯೊಂದಕ್ಕೂ ಇಬ್ಬಿಬ್ಬರು. ತೊವಾದೆರ್ ಕೊಡತಿಯಿಂದ ಒಣ ಹಲಗೆಗೆ ಒಂದು ಪೆಟ್ಟು ಹಾಕಿದಾಗ ಎಲ್ಲರೂ ಒಟ್ಟಿಗೆ ಒಂದಿಷ್ಟು ತಿರುಗಿಸಬೇಕು, ಒತ್ತಬೇಕು. ಮತ್ತೆ ಪೆಟ್ಟು ಬೀಳುವವರೆಗೆ ಉಸಿರೂ ಬಿಡಬಾರದು. ನಾನೂ ಒಂದು ಸನ್ನೆಗೋಲಿಗೆ ಕೈ ಕೊಟ್ಟಿದ್ದೆ.

ಪೆಟ್ಟು ಬಿತ್ತು. ಏನೂ ಆಗಲಿಲ್ಲ. ಮತ್ತೊಂದು. ಗೋಡೆಯೊಳಗೆ ಎಲ್ಲೋ ಆಳದಲ್ಲಿ, ಬಹುಕಾಲ ಮಲಗಿದ್ದವನು ಮಗ್ಗುಲು ಬದಲಿಸಿದಂತೆ, ಒಂದು ನರಳಾಟ ಕೇಳಿತು. ಅದು ದಿಮ್ಮಿಯಿಂದ ದಿಮ್ಮಿಗೆ ಏರಿ ಗೋಪುರದವರೆಗೆ ಹೋಯಿತು. ಮೇಲೆ ಗಂಟೆ, ಯಾರೂ ಮುಟ್ಟದೆ, ಒಮ್ಮೆ ಸಣ್ಣಗೆ ಮಿಡಿಯಿತು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು.

“ನೀರು?” ತೊವಾದೆರ್ ಕೂಗಿದ.

“ಇದೆ!” ಒಳಗಿನಿಂದ ದೊಕಿಯತ್ತೆ.

ಪೆಟ್ಟಿನ ಮೇಲೆ ಪೆಟ್ಟು. ಪ್ರತಿ ಸಲವೂ “ನೀರು?”, “ಇದೆ!” ಆಮೇಲೆ ಬಡಗಣ ಗೋಡೆಗೂ ಅಂಗಾಲಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಅದು ದಾರವಾಯಿತು, ಬೆರಳಾಯಿತು, ಅಂಗೈಯಾಯಿತು. ಇಡೀ ಇಗರ್ಜಿ, ಅದರ ಗೋಪುರ, ಮರದ ಹೆಂಚುಗಳು, ಸಂತರ ಚಿತ್ರಗಳು, ನಮ್ಮೆಲ್ಲರ ಅಜ್ಜಂದಿರ ಮದುವೆ ಮತ್ತು ಸಾವು, ಎಲ್ಲವೂ ಅಂಗಾಲುಗಳನ್ನು ನೆಲದಲ್ಲೇ ಬಿಟ್ಟು ಮೇಲೆದ್ದು ನಿಂತಿತು. ಗಾವ್ರಿಲಾನ ಕಾಲದಿಂದ ಬೆಳಕು ಕಾಣದ ಮಣ್ಣಿನ ಮೇಲೆ ಬೆಳಕು ಬಿತ್ತು.

ನಾವು ಮಂಡಿಯೂರಿ ಒಳಗೆ ನೋಡಿದೆವು. ಹೆಂಗಸರು ನಿಲ್ಲುವ ಕೋಣೆಯ ಕೆಳಗೆ ಮಣ್ಣು ಹೊಳೆಯುತ್ತಿತ್ತು. ನೆಲಹಲಗೆಗಳ ಸಂದಿನಿಂದ ತಲೆಮಾರುಗಳಿಂದ ತೊಟ್ಟಿಕ್ಕಿದ ಮೇಣ ಅಲ್ಲಿ ಗುಡ್ಡೆ ಗುಡ್ಡೆಯಾಗಿ ಗಟ್ಟಿಕಟ್ಟಿತ್ತು. ಯಾವ ಹೆಂಗಸು ಎಲ್ಲಿ ನಿಂತು ಬತ್ತಿ ಹಿಡಿಯುತ್ತಿದ್ದಳೋ ಅಲ್ಲಿ ಒಂದು ಗುಡ್ಡೆ. ಅವಳು ಸತ್ತ ಮೇಲೆ ಅದೇ ಜಾಗದಲ್ಲಿ ಮಗಳು, ಆಮೇಲೆ ಸೊಸೆ. ಮೇಲೆ ಕಾಣದ ಆ ಸಾಲು ಕೆಳಗೆ ಹಾಗೇ ನಿಂತಿತ್ತು. ಮುದುಕ ಇರಿಮಿಯಾ ಟೋಪಿ ತೆಗೆದ.

ಗಾವ್ರಿಲಾನ ಅಂಗಾಲನ್ನು ಉರುಳುಗಂಬಗಳ ಮೇಲೆ ಹೊರಗೆಳೆದರು. ನಡುವೆ ಕೊಳೆತಿದ್ದರೂ ಎರಡೂ ತುದಿ ಗಟ್ಟಿಯಾಗಿದ್ದವು. ತೊವಾದೆರ್ ಕೈಯಿಂದ ಮಣ್ಣು ಸವರಿದ, ಗಂಟುಗಳು ಮೇಲೆದ್ದವು. ದೊಕಿಯತ್ತೆ ಹೊರಗೆ ಬಂದು ನಿಂತಿದ್ದಳು. ಸಂದೇಹಕ್ಕೆ ಎಡೆಯಿರಲಿಲ್ಲ. ಬುಡ ಬಾಗಿಲ ಕಡೆಗೇ ಇತ್ತು.

“ಕಂಡ್ಯಾ ದೊಕಿಯಾ?” ಎಂದ ಇರಿಮಿಯಾ. ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ. “ಸಾಕು ಬಿಡು. ಇನ್ನೊಂದನ್ನ ಅಗೆಸೋದು ಬೇಡ. ಹೆಸರು ತೆಗೆಯೋಕೆ ನಾನೇ ಫಾದರ್‌ಗೆ ಹೇಳ್ತೀನಿ.”

“ಕರುಣೆ ನಿನ್ನ ಹತ್ರಾನೇ ಇಟ್ಕೋ, ಕೊಕ್ಕರೆ. ಇನ್ನೊಂದು ಕಾಲು ಬಾಕಿ ಇದೆ.”

ತೆಂಕಣ ಗೋಡೆಗೂ ಆಧಾರ ಕೊಟ್ಟು, ಗಂಡಸರು ಮಣ್ಣು ಅಗೆದರು. ಕಪ್ಪು ದಿಮ್ಮಿ ಬೆಳಕಿಗೆ ಬಂತು; ಬರೀ ಕಪ್ಪು, ಮಣ್ಣಿನ ಹೆಪ್ಪು, ಪಾಚಿ. ಏನೂ ತಿಳಿಯುವಂತಿರಲಿಲ್ಲ. ತೊವಾದೆರ್ ಕೆರೆಯುವ ಬಾಚಿ ಎತ್ತಿಕೊಂಡ. ಅವಳು ತಡೆದಳು: “ಕಬ್ಬಿಣ ತಾಕಿಸ್ಬೇಡ. ಇದು ಅಂಗಾಲು. ತೊಳೀಬೇಕು.”

ಒಳಗೆ ಹೋಗಿ ಬೋಗುಣಿ ತಂದಳು. ಒಂದು ಹನಿಯೂ ಚೆಲ್ಲದೆ ಉಳಿದಿದ್ದ ನೀರು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ, ನಮ್ಮ ಹೆಂಗಸರು ಸತ್ತವರ ಕಾಲು ತೊಳೆಯುವ ಹಾಗೆ, ಮೆಲ್ಲಗೆ, ಒಂದು ಕಡೆಯಿಂದ ಉಜ್ಜತೊಡಗಿದಳು. ನೀರು ಮುಗಿದಾಗ ಬೇರೆ ಹೆಂಗಸರು ಬಾವಿಯಿಂದ ತಂದರು. ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕುಳಿತು ಅವರೂ ಉಜ್ಜಿದರು. ಕಪ್ಪು ಕರಗಿ ಬೂದು ಬಂತು. ಬೂದು ಬಣ್ಣದೊಳಗಿಂದ ಜೇನಿನ ಬಣ್ಣ. ಕೊಡಲಿಯ ಒಂದೊಂದು ಏಟಿನ ಗುರುತೂ, ನಿನ್ನೆ ಕೆತ್ತಿದಂತೆ, ಎದ್ದು ಬಂತು. ಆಮೇಲೆ ಮೊದಲ ಗಂಟು.

ದೊಕಿಯತ್ತೆ ಅದರ ಮೇಲೆ ಬೆರಳಿಟ್ಟಳು. ಬೆರಳು ವಾಲಿದ ದಿಕ್ಕಿಗೆ ಸರಿಯಿತು. ಕಣ್ಣು ಕಾಣದವರಂತೆ ಮತ್ತೊಮ್ಮೆ ಸವರಿದಳು. ಎರಡನೆಯ ಗಂಟು, ಮೂರನೆಯದು. ಎಲ್ಲವೂ ಬಲಿಪೀಠದ ಕಡೆಗೆ ವಾಲಿದ್ದವು. ಬುಡ ಬಾಗಿಲಿಗೆ, ತುದಿ ಬಲಿಪೀಠಕ್ಕೆ. ಈ ಇಗರ್ಜಿಯನ್ನು ಕಟ್ಟಿದವರು ಮೊದಲ ದಿನ ಇಟ್ಟ ದಿಮ್ಮಿಯೂ ಗಾವ್ರಿಲಾನ ದಿಮ್ಮಿ ಮಲಗಿದ್ದಂತೆಯೇ ಮಲಗಿತ್ತು.

“ಮೊದಲು ಹೇಗಿತ್ತೋ ಹಾಗೇ ಇಟ್ಟೆ” ಎಂದಳು ಅವಳು. ಅದು ಅವಳ ಮಾತಲ್ಲ, ಅಜ್ಜನದು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಮರ ಓದಬಲ್ಲ ಊರು, ಮಳೆಗೂ ಮಸಿಗೂ ಕಪ್ಪಾದ ಹಳೆಯವನ್ನೆಲ್ಲ ಬಿಟ್ಟು, ಹೊಸದಾಗಿದ್ದ ಒಂದೇ ಒಂದು ಮರವನ್ನು ಓದಿ ತೀರ್ಪು ಕೊಟ್ಟಿತ್ತು. ಯಾವ ಕಾಲದಲ್ಲಿ, ಯಾರ ಬಾಯಲ್ಲಿ ನಮ್ಮ ನಿಯಮ ತಿರುಗಿಕೊಂಡಿತೋ ಹೇಳುವವರಿಲ್ಲ.

ಆಗ ಇರಿಮಿಯಾ, ಟೋಪಿ ಇನ್ನೂ ಕೈಯಲ್ಲೇ, ಕೇಳಿದ: “ಫಾದರ್ ಒನುಫ್ರಿಯೆ ಅವರನ್ನ ಹೇಗೆ ಮಲಗಿಸಿದ್ವಿ?”

“ಅವರ ಮಾತ್ಯಾಕೆ ಈಗ?” ಎಂದ ತೊವಾದೆರ್.

“ತಲೆ ಪೀಠದ ಕಡೆಗೆ, ಅಲ್ವಾ? ನಮ್ಮ ಕಡೆ ಮುಖ.” ಅವನು ಉದ್ದನೆಯ ಕತ್ತನ್ನು ಗೋಡೆಯ ಕಡೆಗೆ ಚಾಚಿದ. “ನಾವು ಮರಗಳನ್ನ ನಮ್ಮ ಹೆಣಗಳ ಹಾಗೆ ಮಲಗಿಸ್ಬೇಕು ಅಂತಿದ್ವಿ. ಅವರು ಪಾದ್ರಿಗಳ ಹಾಗೆ ಮಲಗಿಸಿದ್ದಾರೆ ಕಣ್ರೋ.”

ಫಾದರ್ ಸಿಮಿಯೋನ್ ನೇರವಾಗಿ ಇಗರ್ಜಿಯೊಳಗೆ ನಡೆದರು. ನಾವು ಹಿಂದೆ ಹೋದೆವು. ಹೆಂಗಸರ ಕೋಣೆಯ ಗೋಡೆಗೆ ಚಿತ್ರಗಳಿಲ್ಲ. ಬತ್ತಿಯ ಮಸಿ ಮಾತ್ರ, ಬೆರಳು ದಪ್ಪ. ದೊಕಿಯತ್ತೆ ತಾನು ಜೀವಮಾನವಿಡೀ ಬೆನ್ನು ಕೊಟ್ಟು ನಿಂತ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಳು. ಗಂಟು ಬಲಿಪೀಠದ ಕಡೆಗೆ ವಾಲಿತ್ತು. ಮೇಲಿನ ದಿಮ್ಮಿ, ಅದರ ಮೇಲಿನದು, ಎದುರು ಗೋಡೆಯದು. ಕೈ ಎಟುಕುವವರೆಗೂ ಒರೆಸಿದೆವು, ಬೆಂಚು ಹತ್ತಿ ಒರೆಸಿದೆವು. ಉದ್ದನೆಯ ಗೋಡೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಕಾಡಿಗೆ ಕಾಡೇ ಬಲಿಪೀಠದತ್ತ ತಲೆಯಿಟ್ಟು, ನಮ್ಮತ್ತ ಮುಖ ಮಾಡಿ, ಮುನ್ನೂರು ವರ್ಷಗಳಿಂದ ನಮ್ಮನ್ನು ಹರಸುತ್ತ ಮಲಗಿತ್ತು. ನಾವು ಅದಕ್ಕೆ ಬೆನ್ನು ಕೊಟ್ಟು ನಿಂತು, ಬೆನ್ನಿಗೆ ಒತ್ತುವ ಗಂಟುಗಳನ್ನು ಬೈದುಕೊಂಡು, ಆಕಳಿಸಿದ್ದೆವು.

ಹೊಸ ಓಕ್ ದಿಮ್ಮಿಯನ್ನು ಹೇಗೆ ಇಡಬೇಕೆಂದು ಯಾರೂ ಕೇಳಲಿಲ್ಲ. “ತುದಿ ಆ ಕಡೆ” ಎಂದ ತೊವಾದೆರ್, ಅಷ್ಟೆ. ಮತ್ತೆ ಪೆಟ್ಟುಗಳು ಬಿದ್ದವು, ಈ ಸಲ ಇಳಿಸಲು. ಬೆಳಕು ಅಂಗೈಯಿಂದ ಬೆರಳಾಯಿತು, ದಾರವಾಯಿತು, ಮುಚ್ಚಿಕೊಂಡಿತು. ಇಗರ್ಜಿ ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ಕುಳಿತಿತು. ಅಂಗಳದಲ್ಲಿ ಮೆಕ್ಕೆಜೋಳದ ಮುದ್ದೆ, ಎಲೆಕೋಸಿನ ಪಲ್ಯ, ಪ್ಲಮ್ ಸಾರಾಯಿ ಕಾಯುತ್ತಿದ್ದವು. ಇರಿಮಿಯಾ ಮೊದಲ ಲೋಟವನ್ನು ದೊಕಿಯತ್ತೆಗೆ ಕೊಂಡೊಯ್ದ.

“ನಿಮ್ಮಜ್ಜನಿಗೆ” ಎಂದ.

“ನೀನು ಮೊದಲು ಕುಡಿ. ವಿಷ ಹಾಕಿರ್ತೀಯ.”

ಅವನು ಕುಡಿದ. ಮತ್ತೆ ತುಂಬಿಸಿ ಕೊಟ್ಟ. ಅವಳೂ ಕುಡಿದಳು. ಇಬ್ಬರ ಕಣ್ಣಲ್ಲೂ ನೀರಿತ್ತು. ಸಾರಾಯಿ ಖಾರವಾಗಿತ್ತೆಂದು ಇಬ್ಬರೂ ಹೇಳಿದರು.

ಫಾದರ್ ಸಿಮಿಯೋನ್ ಹತ್ತಿರ ಬಂದು, “ದೊಕಿಯಮ್ಮ, ಮುಂದಿನ ಶನಿವಾರದಿಂದ ಅಡ್ಡಹೆಸರು ಬಿಟ್ಟು ಓದ್ತೀನಿ. ಇನ್ನು ಯಾರೂ ಅಡ್ಡಿ ಮಾಡಲ್ಲ” ಎಂದರು.

ಅವಳು ಬಾಯಿ ಒರೆಸಿಕೊಂಡಳು. “ಬೇಡ ಫಾದರ್. ಇಷ್ಟು ವರ್ಷದಿಂದ ಆ ಹೆಸರಿಗೇ ಓಗೊಟ್ಟು ಅಭ್ಯಾಸ ಆಗಿರುತ್ತೆ ಅಜ್ಜನಿಗೆ. ಈಗ ಬರೀ ಗಾವ್ರಿಲಾ ಅಂದ್ರೆ ಬೇರೆ ಯಾರನ್ನೋ ಕರೀತಿದಾರೆ ಅಂತ ಕೂತೇ ಇರ್ತಾನೆ. ಹಾಗೇ ಓದಿ. ಆದ್ರೆ ಸ್ವಲ್ಪ ಗಟ್ಟಿಯಾಗಿ ಓದಿ.”

ಉಪವಾಸದ ಕೊನೆಯ ಶನಿವಾರ ನಾನು ಎಂದಿನಂತೆ ಗಂಡಸರ ಭಾಗದಲ್ಲಿ, ನಡುಗೋಡೆಯ ಕಿಂಡಿಯ ಬಳಿ ನಿಂತಿದ್ದೆ. ಕಿಂಡಿಯಲ್ಲಿ ಅವಳು ಕಾಣುತ್ತಿದ್ದಳು. ಬೆನ್ನು ಗೋಡೆಗೆ, ಕೈಯಲ್ಲಿ ಬತ್ತಿ. ಹೆಸರುಗಳು ಸಾಗಿದವು. ‘ಕುಂಟ ತೊವಾದೆರ್.’ ‘ಜೇನುಗೂಡಿನ ಮರಿಯಾ.’ ಪಾದ್ರಿಗಳು ದನಿ ಏರಿಸಿ, ಇಗರ್ಜಿಯ ಮೂಲೆಮೂಲೆಗೆ ಕೇಳುವಂತೆ, “ಉಲ್ಟಾ ಗಾವ್ರಿಲಾ” ಎಂದರು. ಇರಿಮಿಯಾ ಅದಕ್ಕೆ ಪ್ರತಿಯಾಗಿ ಹಾಡಿದ ಸಾಲು ಅವನ ಒಡಕು ಗಂಟಲಿನಿಂದ ನಾನು ಕೇಳಿದ್ದರಲ್ಲೆಲ್ಲ ಚೆನ್ನಾಗಿತ್ತು.

ಅವಳ ಚಪ್ಪಲಿಯ ದಾರ ಆ ದಿನ ನಿಜವಾಗಿಯೇ ಬಿಚ್ಚಿಕೊಂಡು ನೆಲಕ್ಕೆ ಬಿದ್ದಿತ್ತು. ಅವಳು ಬಗ್ಗಲಿಲ್ಲ. ಕೈಯಲ್ಲಿನ ಬತ್ತಿಯಿಂದ ಒಂದು ಹನಿ ಮೇಣ ಜಾರಿ, ಹಲಗೆಗಳ ಸಂದಿನಲ್ಲಿ ಇಳಿದು, ಕೆಳಗೆ ಹೋಯಿತು.